ಮೇಜಿನ ಆ ಕಡೆ, ಈ ಕಡೆ

ನಾಣ್ಯ ಮೇಳದ ಮೇಜಿಗೆ ಎರಡೇ ಕಡೆ. ಒಂದು ಕಡೆ ಡೀಲರ್, ಇನ್ನೊಂದು ಕಡೆ ಗಿರಾಕಿ. ನಡುವೆ ಗಾಜಿನ ಪೆಟ್ಟಿಗೆ, ಬಗ್ಗಿಸಬಹುದಾದ ಒಂದು ದೀಪ, ನಾಣ್ಯ ಕೈಜಾರಿದರೆ ಪೆಟ್ಟಾಗದಿರಲಿ ಅಂತ ಹಾಸಿದ ಮೆತ್ತನೆಯ ಬಟ್ಟೆ. ಇಷ್ಟೇ ಸಾಮಾನು. ಆದರೆ ಯಾವ ಕಡೆ ಕೂತಿದ್ದೇವೆ ಅನ್ನುವುದರ ಮೇಲೆ ನಮ್ಮ ಕಣ್ಣೇ ಬದಲಾಗಿಬಿಡುತ್ತದೆ.

ಮಾರುವವನಿಗೆ ಮೊದಲು ಕಾಣುವುದು ಹೊಳಪು. ಕೊಳ್ಳುವವನಿಗೆ ಮೊದಲು ಕಾಣುವುದು ಗೀರು. ಬೆಳಿಗ್ಗೆ ನಾಣ್ಯದ ಮೇಲಿನ ಮುಖ ತೋರಿಸಿ ‘ಕೆನ್ನೆ ಮೇಲೆ ಎಷ್ಟೊಂದು ಪೆಟ್ಟು ಬಿದ್ದಿದೆ ನೋಡಿ’ ಅಂತ ಮೂಗು ಮುರಿದು, ಬೆಲೆ ಇಳಿಸಿ ಒಂದು ಬೆಳ್ಳಿ ಡಾಲರ್ ಕೊಂಡ ಮನುಷ್ಯ ಮಧ್ಯಾಹ್ನ ಅದನ್ನೇ ಇನ್ನೊಂದು ಮೇಜಿನ ಮೇಲೆ ಇಟ್ಟು ‘ಈ ಕಾಲದ ನಾಣ್ಯಕ್ಕೆ ಇಷ್ಟು ನುಣುಪಾದ ಕೆನ್ನೆ ಸಿಗುವುದೇ ಕಷ್ಟ’ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿಯೂ ಹಾಗೇ ಕಾಣುತ್ತಿರುತ್ತದೆ. ಇದೇ ನನಗೆ ಈ ಮೇಳಗಳಲ್ಲಿ ಎಲ್ಲಕ್ಕಿಂತ ಮಜಾ ಅನ್ನಿಸುವ ವಿಷಯ.

ನೋಡುವುದೂ ಒಂದು ವಿದ್ಯೆಯೇ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಂಟಿ ದೀಪದ ಕೆಳಗೆ ಮೆಲ್ಲಗೆ ಓಲಾಡಿಸಬೇಕು. ಚಲಾವಣೆಯಲ್ಲಿ ಸವೆಯದ ನಾಣ್ಯವಾದರೆ ಬೆಳಕಿನ ಪಟ್ಟಿಯೊಂದು ಗಾಡಿ ಚಕ್ರದ ಕಡ್ಡಿಗಳ ಹಾಗೆ ಅದರ ಮೈಮೇಲೆ ಸುತ್ತುತ್ತದೆ. ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಸಣ್ಣ ಸಣ್ಣ ಗೆರೆಗಳೇ ಬೆಳಕನ್ನು ಹಾಗೆ ಕುಣಿಸುವುದು. ಒಮ್ಮೆ ಯಾರಾದರೂ ಪಾಲಿಶ್ ಹಾಕಿ ತಿಕ್ಕಿದರೆ ಆ ಗೆರೆಗಳು ಹೋಗುತ್ತವೆ, ಮತ್ತೆ ಬರುವುದಿಲ್ಲ. ತಿಕ್ಕಿದ ನಾಣ್ಯ ಫಳಫಳ ಹೊಳೆಯುತ್ತದೆ, ಆದರೆ ಓಲಾಡಿಸಿದರೆ ಚಕ್ರ ತಿರುಗುವುದಿಲ್ಲ, ಬೆಲೆಯೂ ಇಳಿಯುತ್ತದೆ.

ಮೇಳದಲ್ಲಿ ನೋಡಲು ಕಷ್ಟವಾಗುವ ದೃಶ್ಯ ಅಂದರೆ ಇದು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ನಾಣ್ಯಗಳನ್ನು ಮಾರಲು ಯಾರೋ ಬರುತ್ತಾರೆ. ಚೆನ್ನಾಗಿ ಕಾಣಲಿ ಅಂತ ಹಿಂದಿನ ರಾತ್ರಿ ಕೂತು ಹೆಚ್ಚಿನವನ್ನು ತೊಳೆದು, ತಿಕ್ಕಿ, ಮಿಂಚಿಸಿ ತಂದಿರುತ್ತಾರೆ. ಡೀಲರ್ ಮುಖ ನೋಡಬೇಕು ಆಗ. ಅವನು ಒಳ್ಳೆಯವನಾದರೆ ಏನೂ ಹೇಳದೆ ಉಳಿದ ನಾಣ್ಯಗಳನ್ನು ಮೊದಲು ನೋಡುತ್ತಾನೆ. ನೂರು ವರ್ಷ ಕೊಳೆಯಾಗಿದ್ದ ನಾಣ್ಯ ಇನ್ನೊಂದು ರಾತ್ರಿ ಹಾಗೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅವನಿಗೆ ಅನ್ನಿಸದೇ ಇರುತ್ತದಾ?

ಅದೂ ಅಲ್ಲದೆ, ಈ ಕೊಳೆ ಅನ್ನುವುದೂ ಮೇಜಿನ ಯಾವ ಕಡೆ ನಾವಿದ್ದೇವೆ ಅನ್ನುವುದನ್ನು ಅವಲಂಬಿಸಿದೆ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ. ಆದರೆ ಪೂರ್ತಿ ಕಪ್ಪಾಗುವ ಮೊದಲು ಹಳದಿ, ಕೆಂಪು, ನೇರಳೆ, ನೀಲಿ ಎಲ್ಲ ಬಂದು ಹೋಗುತ್ತವೆ. ಹಳೆಯ ಅಮೆರಿಕದ ಬೆಳ್ಳಿ ಡಾಲರುಗಳು ದಪ್ಪ ಬಟ್ಟೆಯ ಚೀಲಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಚೀಲಕ್ಕೆ ಅಂಟಿಕೊಂಡಿದ್ದ ಕೆಲವಕ್ಕೆ ಹೀಗೆ ಕಾಮನಬಿಲ್ಲಿನ ಬಣ್ಣ ಬಂತು. ಇದಕ್ಕೆ ಟೋನಿಂಗ್ ಅಂತ ಹೆಸರು, ಜಾಸ್ತಿ ಬೆಲೆ ಬೇರೆ. ಇಷ್ಟವಿಲ್ಲದವನು ಅದನ್ನೇ ಕಲೆ ಅಂದು ಪಕ್ಕಕ್ಕಿಡುತ್ತಾನೆ. ನಾನು ಟೋನಿಂಗ್ ಕಡೆಯವನು. ಆದರೆ ಬಣ್ಣ ತೀರಾ ಚೆನ್ನಾಗಿದ್ದರೆ ಯಾರೋ ಬೇಕಂತಲೇ ಬರಿಸಿದ್ದಾರೇನೋ ಅನ್ನುವ ಸಂಶಯವೂ ಬರುತ್ತದೆ. ಸುಮ್ನೆ ಸಂಶಯವಲ್ಲ, ಹಾಗೆ ಬಣ್ಣ ಬರಿಸುವವರು ಇದ್ದಾರೆ.

ಎರಡೂ ಕಡೆಯವರ ಕಣ್ಣನ್ನು ಒಂದು ಮಾಡುವ ಪ್ರಯತ್ನ ಆಗಿಲ್ಲ ಅಂತಲ್ಲ. 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನುವ ಮನಶ್ಶಾಸ್ತ್ರಜ್ಞ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗೆ 1ರಿಂದ 70ರವರೆಗಿನ ಅಂಕದ ಪದ್ಧತಿ ತಂದರು. ಸವೆದು ಸವೆದು ಗುರುತು ಮಾತ್ರ ಸಿಗುವ ನಾಣ್ಯಕ್ಕೆ 1, ಯಾವ ಕುಂದೂ ಇಲ್ಲದ್ದಕ್ಕೆ 70. ಆ ಅಂಕ ಮೊದಲು ಅಂದಕ್ಕೆ ಕೊಟ್ಟ ಅಂಕವಲ್ಲ, ಬೆಲೆಯ ಲೆಕ್ಕ. 1 ಅಂಕದ ನಾಣ್ಯಕ್ಕೆ ಇಷ್ಟು ಬೆಲೆಯಾದರೆ 70 ಅಂಕದ್ದಕ್ಕೆ ಅದರ ಎಪ್ಪತ್ತು ಪಟ್ಟು ಅನ್ನುವುದು ಅವರ ಯೋಚನೆ. ಆ ಲೆಕ್ಕ ಬೇಗ ಬಿದ್ದುಹೋಯಿತು. ಅಂಕಗಳು ಮಾತ್ರ ಉಳಿದುಕೊಂಡವು, ಈಗ ಅಮೆರಿಕದ ಎಲ್ಲ ಥರದ ನಾಣ್ಯಕ್ಕೂ ಅವೇ.

ಆಮೇಲೆ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಅನ್ನುವ ಕಂಪನಿಗಳು ಶುರುವಾದವು. ನಾಣ್ಯ ಕಳಿಸಿದರೆ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವಾಪಸ್ ಕೊಡುತ್ತವೆ. ಈ ಡಬ್ಬಿಗೆ ಸ್ಲ್ಯಾಬ್ ಅನ್ನುತ್ತಾರೆ. ಸರಿ, ಮೂರನೆಯವರು ಹೇಳಿಯಾಯಿತು, ಇನ್ನು ಜಗಳ ಮುಗಿಯಿತು ಅಂದುಕೊಳ್ಳಬೇಕಲ್ಲ? ಮುಗಿಯಲಿಲ್ಲ. ಈಗ ಡಬ್ಬಿಯ ಮೇಲಿನ ಅಂಕದ ಬಗ್ಗೆ ಜಗಳ. 64 ಅಂಕದ್ದಕ್ಕೂ 65 ಅಂಕದ್ದಕ್ಕೂ ಬೆಲೆಯಲ್ಲಿ ಕೆಲವೊಮ್ಮೆ ಹಲವು ಪಟ್ಟು ಅಂತರ ಇರುತ್ತದೆ. ಹಾಗಾಗಿ ಮಾರುವವನಿಗೆ ಎಲ್ಲ 64ಗಳೂ ‘ಹೆಚ್ಚು ಕಡಿಮೆ 65’. ಕೊಳ್ಳುವವನಿಗೆ ಎಲ್ಲ 65ಗಳೂ ‘ಧಾರಾಳವಾಗಿ ಹಾಕಿದ 65’. 2007ರಲ್ಲಿ ಇನ್ನೊಂದು ಕಂಪನಿ ಬಂತು. ಡಬ್ಬಿಯೊಳಗಿನ ನಾಣ್ಯ ಅದರ ಅಂಕಕ್ಕೆ ತಕ್ಕ ಹಾಗಿದೆ ಅನ್ನಿಸಿದರೆ ಡಬ್ಬಿಯ ಮೇಲೆ ಒಂದು ಹಸಿರು ಸ್ಟಿಕ್ಕರ್ ಅಂಟಿಸುವುದು ಅವರ ಕೆಲಸ. ತೀರ್ಪಿನ ಮೇಲೆ ಇನ್ನೊಂದು ತೀರ್ಪು. ಸ್ಟಿಕ್ಕರ್ ಇದ್ದರೆ ಬೆಲೆ ಇನ್ನಷ್ಟು ಮೇಲೆ.

ಕೆಲವು ಡೀಲರುಗಳು ಅಂಕ ಒಪ್ಪಿಗೆಯಾಗದಿದ್ದರೆ ಡಬ್ಬಿ ಒಡೆದು ನಾಣ್ಯ ತೆಗೆದು ಮತ್ತೆ ಕಳಿಸುತ್ತಾರೆ. ಮತ್ತೆ ಅದೇ ಅಂಕ ಬಂದರೆ ಮತ್ತೆ ಒಡೆಯುತ್ತಾರೆ. ಯಾವ ಅಂಕದ ನಾಣ್ಯ ಎಷ್ಟು ಬಂದಿವೆ ಅಂತ ಈ ಕಂಪನಿಗಳು ಪಟ್ಟಿ ಇಡುತ್ತವೆ. ಒಡೆದವರು ಡಬ್ಬಿಯೊಳಗಿದ್ದ ಹಳೆಯ ಅಂಕದ ಚೀಟಿ ವಾಪಸ್ ಕೊಡದಿದ್ದರೆ ಒಂದೇ ನಾಣ್ಯ ಆ ಪಟ್ಟಿಯಲ್ಲಿ ಮೂರು ನಾಲ್ಕು ನಾಣ್ಯಗಳಾಗಿ ಕೂತಿರುತ್ತದೆ. ಆಸೆಯಿಂದ ಲೆಕ್ಕ ಹೆಚ್ಚಿತು, ನಾಣ್ಯ ಹೆಚ್ಚಲಿಲ್ಲ. ಹಳಬರು ಹೊಸಬರಿಗೆ ಹೇಳುವ ಮಾತು ಒಂದೇ: ಡಬ್ಬಿ ಕೊಳ್ಳಬೇಡ, ನಾಣ್ಯ ಕೊಳ್ಳು. ಹೇಳಿ ಮುಗಿಸಿ ಅವರೂ ಮೊದಲು ಡಬ್ಬಿಯ ಮೇಲಿನ ಅಂಕವನ್ನೇ ನೋಡುತ್ತಾರೆ.

ಇನ್ನು ಬೆಲೆಯ ಮಾತು. ಇಲ್ಲಿ ಇಬ್ಬರೂ ಮೌನ ವ್ರತ ಹಿಡಿದವರಂತೆ ಕೂರುತ್ತಾರೆ. ‘ಎಷ್ಟಕ್ಕೆ ಕೊಡ್ತೀರಿ?’ ‘ನೀವೇ ಹೇಳಿ.’ ‘ಇಲ್ಲ, ನೀವು ಹೇಳಿ.’ ಮೊದಲು ಬಾಯಿಬಿಟ್ಟವನು ಸೋತ ಅನ್ನುವುದು ಇಬ್ಬರ ನಂಬಿಕೆ. ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ನಾಟಕ. ಡೀಲರುಗಳು ತಮ್ಮತಮ್ಮಲ್ಲಿ ಯಾವ ಬೆಲೆಗೆ ಕೊಡುತ್ತಾರೆ, ಕೊಳ್ಳುತ್ತಾರೆ ಅನ್ನುವ ಪಟ್ಟಿ ಅಮೆರಿಕದಲ್ಲಿ 1963ರಿಂದಲೇ ಅಚ್ಚಾಗುತ್ತಿದೆ. ಬೂದು ಬಣ್ಣದ ಕಾಗದದಲ್ಲಿ ಬರುತ್ತಿದ್ದರಿಂದ ಅದಕ್ಕೆ ಗ್ರೇಶೀಟ್ ಅಂತಲೇ ಹೆಸರಾಯಿತು. ಈಗ ಫೋನಿನಲ್ಲೇ ಸಿಗುತ್ತದೆ. ಮಾರಲು ಬಂದವರು ಒಬ್ಬ ಡೀಲರ್ ಹೇಳಿದ ಬೆಲೆ ಕೇಳಿ ‘ಮೋಸ’ ಅಂತ ಸಿಟ್ಟಾಗಿ ಮುಂದಿನ ಮೇಜಿಗೆ ಹೋಗುತ್ತಾರೆ. ಅಲ್ಲೂ ಹತ್ತಿರ ಹತ್ತಿರ ಅದೇ ಬೆಲೆ. ಮೂರನೆಯ ಮೇಜಿನಲ್ಲೂ ಅದೇ. ಎಲ್ಲರೂ ಸೇರಿ ಒಳಸಂಚು ಮಾಡಿದ್ದಾರೆ ಅನ್ನಿಸುತ್ತದೆ. ಸಂಚಲ್ಲ, ಎಲ್ಲರ ಜೇಬಿನಲ್ಲೂ ಒಂದೇ ಪಟ್ಟಿ ಇದೆ. ಆದರೂ ಎರಡು ಮೂರು ಕಡೆ ತೋರಿಸುವುದು ಒಳ್ಳೆಯದೇ. ಯಾರಿಗೆ ಆ ನಾಣ್ಯಕ್ಕೆ ಗಿರಾಕಿ ಕಾದಿದ್ದಾರೋ ಅವನು ಸ್ವಲ್ಪ ಮೇಲಕ್ಕೆ ಬಂದೇ ಬರುತ್ತಾನೆ.

ಈ ಎಲ್ಲ ಗಲಾಟೆಯಲ್ಲಿ ಯಾರೂ ಕಣ್ಣೆತ್ತಿಯೂ ನೋಡದ ಅಂಕೆ ಅಂದರೆ ನಾಣ್ಯದ ಮೇಲೆ ಟಂಕಸಾಲೆಯೇ ಒತ್ತಿದ ಮುಖಬೆಲೆ. ಅದಕ್ಕೂ ಒಮ್ಮೆ ಮರ್ಯಾದೆ ಸಿಕ್ಕಿದ್ದುಂಟು. ಅಮೆರಿಕದ 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯವನ್ನು 4,45,500ರಷ್ಟು ಅಚ್ಚು ಹಾಕಿ, ಚಲಾವಣೆಗೇ ಬಿಡದೆ ಬಹುತೇಕ ಎಲ್ಲವನ್ನೂ ಕರಗಿಸಿಬಿಟ್ಟರು. ತಪ್ಪಿಸಿಕೊಂಡ ಒಂದನ್ನು 2002ರಲ್ಲಿ ಹರಾಜು ಹಾಕಿದಾಗ ಬೆಲೆ 75,90,020 ಡಾಲರಿಗೆ ಬಂತು. ಆ ಕೊನೆಯ 20 ಯಾಕೆ ಗೊತ್ತಾ? ಸರ್ಕಾರ ಆ ನಾಣ್ಯವನ್ನು ಕಾನೂನಿನ ಪ್ರಕಾರ ಯಾವತ್ತೂ ಹೊರಗೆ ಕೊಟ್ಟಿರಲೇ ಇಲ್ಲ. ಅದು ಹಣ ಆಗಬೇಕಾದರೆ ಯಾರಾದರೂ ಮುಖಬೆಲೆ ಕಟ್ಟಬೇಕು. ಹಾಗಾಗಿ ಕೊಂಡವರ ಲೆಕ್ಕಕ್ಕೆ ಇಪ್ಪತ್ತು ಡಾಲರ್ ಸೇರಿಸಿದರು. ಅದೇ ನಾಣ್ಯ 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಮತ್ತೆ ಕೈ ಬದಲಿಸಿತು.

ಮೇಳದಲ್ಲಿ ನಡೆದುಕೊಳ್ಳುವ ರೀತಿಗೂ ಕಟ್ಟಳೆಗಳಿವೆ. ಇಬ್ಬರು ವ್ಯಾಪಾರ ಮಾತಾಡುತ್ತಿದ್ದಾಗ ಮೂರನೆಯವನು ಬಾಯಿ ಹಾಕಬಾರದು. ಡೀಲರ್ ಬೇಡ ಅಂದ ನಾಣ್ಯವನ್ನು ಅವನ ಮೇಜಿನ ಮುಂದೆಯೇ ಅವನ ಗಿರಾಕಿಗೆ ಮಾರುವುದಂತೂ ಮಹಾಪಾಪ. ನಾಣ್ಯದ ಮುಖ ಮುಟ್ಟಬಾರದು, ಬೆರಳಿನ ಬೆವರು ಲೋಹವನ್ನು ಕೊರೆದು ಗುರುತು ಅಲ್ಲೇ ಉಳಿದುಬಿಡುತ್ತದೆ. ನಾಣ್ಯದ ಮೇಲೆ ಬಗ್ಗಿ ಮಾತಾಡಲೂಬಾರದು, ಎಂಜಲಿನ ಹನಿ ಬಿದ್ದರೆ ತಾಮ್ರದ ಮೇಲೆ ಮುಂದೆ ಕಪ್ಪು ಚುಕ್ಕೆ ಏಳುತ್ತದೆ. ಅದಕ್ಕೇ ದೊಡ್ಡ ದೊಡ್ಡ ಚೌಕಾಸಿಗಳೆಲ್ಲ ಮುಖ ಒಂದು ಕಡೆ, ಬಾಯಿ ಇನ್ನೊಂದು ಕಡೆ ಮಾಡಿಕೊಂಡು ನಡೆಯುತ್ತವೆ. ದೂರದಿಂದ ನೋಡಿದರೆ ಇಬ್ಬರೂ ಮುನಿಸಿಕೊಂಡಿದ್ದಾರೆ ಅನ್ನಬೇಕು.

ಅದಲು ಬದಲು ಇನ್ನೂ ಸೊಗಸು. ಸಾಮಾನಿಗೆ ಸಾಮಾನು ಕೊಟ್ಟು ತೆಗೆದುಕೊಳ್ಳುವ ತಾಪತ್ರಯ ತಪ್ಪಿಸಿದ್ದೇ ನಾಣ್ಯ. ಇಲ್ಲಿ ಬಂದು ನೋಡಿದರೆ ನಾಣ್ಯಕ್ಕೆ ನಾಣ್ಯ ಕೊಟ್ಟು ಅದೇ ಹಳೆಯ ತಾಪತ್ರಯ ಮತ್ತೆ ಶುರು. ನಿಮ್ಮ ಬೆಳ್ಳಿಗೆ ನನ್ನ ಎರಡು ತಾಮ್ರ, ಮೇಲೆ ಸ್ವಲ್ಪ ನಗದು. ನಗದಿನಲ್ಲಾದರೆ ಒಬ್ಬನೇ ಉಬ್ಬಿಸಿ ಹೇಳುತ್ತಾನೆ. ಬದಲಿಯಲ್ಲಿ ಇಬ್ಬರೂ ಮಾರುವವರೇ, ಇಬ್ಬರೂ ಉಬ್ಬಿಸುತ್ತಾರೆ. ಹಾಗಾಗಿ ಕೊನೆಗೆ ಲೆಕ್ಕ ಸರಿಯಾಗಿಯೇ ಬರುತ್ತದೆ ಅನ್ನಿ. ಅಂಕದ ಪದ್ಧತಿ ತಂದ ಶೆಲ್ಡನ್ ಹೆಸರು ಮೇಲೆ ಬಂತಲ್ಲ, ಅವರ ಅದಲು ಬದಲಿನ ಕಥೆಯೂ ಇದೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಅನ್ನುವ ನಾಣ್ಯಶಾಸ್ತ್ರ ಸಂಸ್ಥೆಯ ಸಂಗ್ರಹದಿಂದ ಒಳ್ಳೆಯ ಸೆಂಟ್‌ಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ತಮ್ಮ ಕಳಪೆ ಸೆಂಟ್‌ಗಳನ್ನು ಇಟ್ಟಿದ್ದರು ಅಂತ ಅವರು ತೀರಿಕೊಂಡ ಮೇಲೆ ಬಯಲಾಯಿತು. ಎರಡು ನಾಣ್ಯಗಳ ನಡುವಿನ ಅಂತರ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ನನಗೆ ಇಷ್ಟವಾಗುವುದು ಗಾಜಿನ ಪೆಟ್ಟಿಗೆಗಿಂತ ಅದರ ಪಕ್ಕದ ರಟ್ಟಿನ ಡಬ್ಬ. ಅಗ್ಗದ ನಾಣ್ಯಗಳನ್ನೆಲ್ಲ ಸುರಿದ ಡಬ್ಬ. ಡೀಲರ್ ಅದರ ಕಡೆ ಜಾಸ್ತಿ ಗಮನ ಕೊಟ್ಟಿರುವುದಿಲ್ಲ. ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಕೆದಕುವವರು ಟಂಕಸಾಲೆಯ ತಪ್ಪುಗಳನ್ನು ಹುಡುಕುತ್ತಿರುತ್ತಾರೆ. 1937ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆಯಲ್ಲಿ ಕಾಡೆಮ್ಮೆ ಚಿತ್ರದ ನಿಕಲ್ ನಾಣ್ಯದ ಅಚ್ಚನ್ನು ಯಾರೋ ಜಾಸ್ತಿ ಉಜ್ಜಿದರು. ಪ್ರಾಣಿಯ ಮುಂದಿನ ಒಂದು ಕಾಲೇ ಮಾಯವಾಯಿತು. ಮೂರು ಕಾಲಿನ ಆ ನಾಣ್ಯಕ್ಕೆ ನಾಲ್ಕು ಕಾಲಿನದ್ದಕ್ಕಿಂತ ಎಷ್ಟೋ ಪಟ್ಟು ಬೆಲೆ. ಹಾಗಂತ ಮನೆಯಲ್ಲಿ ಕೂತು ಅರದಿಂದ ಕಾಲು ಕೆರೆದು ತಂದವರೂ ಇದ್ದಾರೆ. ಅವರು ಮರೆಯುವುದು ಒಂದನ್ನು: ನಿಜವಾದದ್ದರಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಉಬ್ಬಿದ ಚುಕ್ಕೆಗಳ ಒಂದು ಸಾಲು ಇರುತ್ತದೆ. ಅದನ್ನು ಸಂಗ್ರಾಹಕರು ಏನಂತ ತಮಾಷೆ ಮಾಡುತ್ತಾರೆ ಅನ್ನುವುದನ್ನು ನಿಮ್ಮ ಊಹೆಗೇ ಬಿಡುತ್ತೇನೆ. ಒಟ್ಟಿನಲ್ಲಿ, ಕಾಲು ಟಂಕಸಾಲೆಯೊಳಗೆ ಹೋದರೆ ಭಾಗ್ಯ, ಹೊರಗೆ ಹೋದರೆ ದಂಡ.

ನಕಲಿಗಳ ಭಯ ಇಲ್ಲದ ಮೇಜೇ ಇಲ್ಲ. ಅಯಸ್ಕಾಂತ, ತಕ್ಕಡಿ ಎಲ್ಲರ ಹತ್ತಿರವೂ ಇರುತ್ತವೆ. ಚಿನ್ನ, ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಟಂಗ್‌ಸ್ಟನ್ ಕೂಡ ಹಾಗೆ ಅಂಟುವುದಿಲ್ಲ, ಸಾಂದ್ರತೆಯೂ ಚಿನ್ನದಷ್ಟೇ. ಹಾಗಾಗಿ ಕೊನೆಗೆ ನಂಬಬೇಕಾದದ್ದು ಪಳಗಿದ ಕಣ್ಣನ್ನೇ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಹಳೆಯ ಗ್ರೀಕ್, ರೋಮನ್ ನಾಣ್ಯಗಳ ನಕಲಿ ಅಚ್ಚುಗಳನ್ನು ಎಷ್ಟು ಚೆನ್ನಾಗಿ ಕೆತ್ತುತ್ತಿದ್ದನೆಂದರೆ ದೊಡ್ಡ ದೊಡ್ಡ ಸಂಗ್ರಾಹಕರೇ ಬೇಸ್ತುಬಿದ್ದರು. ಹೊಸ ನಾಣ್ಯ ಹಳೆಯದಾಗಿ ಕಾಣಬೇಕಲ್ಲ? ಅವುಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಸಾರೋಟಿಗೆ ಕಟ್ಟಿ ಊರು ಸುತ್ತಿಸುತ್ತಿದ್ದ. ರಸ್ತೆಯ ಕುಲುಕಾಟಕ್ಕೆ ನಾಣ್ಯ ಹದವಾಗಿ ಸವೆಯುತ್ತಿತ್ತು. ಈಗ ಬೆಕರ್‌ನ ನಕಲಿಗಳಿಗೇ ಬೇರೆ ಸಂಗ್ರಾಹಕರಿದ್ದಾರೆ. ಅವರ ಚಿಂತೆ ಇನ್ನೊಂದು ಥರ: ಇದು ನಿಜವಾಗಿಯೂ ಬೆಕರ್ ಮಾಡಿದ ನಕಲಿಯೋ, ಅಥವಾ ಬೆಕರ್‌ನ ನಕಲಿಯ ನಕಲಿಯೋ?

ಕೊನೆಯ ದಿನ ಮಧ್ಯಾಹ್ನ ಬೆಲೆ ಇಳಿಯುತ್ತದೆ ಅನ್ನುವ ಮಾತು ಎಲ್ಲ ಮೇಳದಲ್ಲೂ ಕೇಳಿಬರುತ್ತದೆ. ಅದು ನಿಜವೇ. ಹೊತ್ತುಕೊಂಡು ಹೋಗುವುದಕ್ಕಿಂತ ಕೊಟ್ಟುಬಿಡೋಣ ಅಂತ ಡೀಲರಿಗೂ ಅನ್ನಿಸುತ್ತದೆ. ಆದರೆ ಆ ಹೊತ್ತಿಗಾಗಿ ಕಾದು ಹೋದರೆ ಅರ್ಧ ಮೇಜುಗಳು ಖಾಲಿ. ಒಳ್ಳೆಯದೆಲ್ಲ ಮೊದಲ ದಿನ, ಬಾಗಿಲು ತೆರೆಯುವ ಮೊದಲೇ ಡೀಲರುಗಳ ನಡುವೆ ಕೈ ಬದಲಿಸಿಯಾಗಿರುತ್ತದೆ. ಉಳಿದ ಡೀಲರುಗಳನ್ನು ಮಾತಾಡಿಸಿ ನೋಡಿ. ಮಾರಲು ಬಂದವರು ಅರ್ಧಕ್ಕರ್ಧ ಕೊಂಡುಕೊಂಡು ಹೊರಟಿರುತ್ತಾರೆ. ಆದರೂ ಹೇಗಿತ್ತು ವ್ಯಾಪಾರ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಈ ಸಲ ಡಲ್ ರೀ, ಏನೂ ಇಲ್ಲ.’ ಇದನ್ನು ಹೇಳುವಾಗ ಮುಂದಿನ ಮೇಳದ ಮೇಜಿಗೆ ಮುಂಗಡ ಕಟ್ಟಿದ ರಸೀದಿ ಅವರ ಜೇಬಿನಲ್ಲೇ ಇರುತ್ತದೆ.