ಕಡಲ ತೀರದ ಮದುವೆಗೆ ಕಡಲಿನ ಚಿತ್ರ ಯಾಕೆ?

ಕಡಲ ತೀರದಲ್ಲಿ ಮದುವೆ ಇಟ್ಟುಕೊಂಡವರು ಆಮಂತ್ರಣ ಪತ್ರಿಕೆಯ ಮೇಲೂ ಕಡಲನ್ನೇ ಯಾಕೆ ಅಚ್ಚು ಹಾಕಿಸುತ್ತಾರೆ ಎಂಬುದು ನನಗೆ ಇವತ್ತಿಗೂ ಬಗೆಹರಿಯದ ಪ್ರಶ್ನೆ. ತುಳಸಿಪೂಜೆ ಕಳೆದು ಮದುವೆಯ ಹಂಗಾಮು ಶುರುವಾಯಿತೆಂದರೆ ನಮ್ಮ ಮನೆಗೆ ಬರುವ ಪತ್ರಿಕೆಗಳಲ್ಲಿ ಮಲ್ಪೆ, ಪಡುಬಿದ್ರಿ, ತ್ರಾಸಿ, ಮುರ್ಡೇಶ್ವರದ ಕಡೆಯ ರೆಸಾರ್ಟುಗಳ ಹೆಸರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇದೆ. ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಮದುವೆ ಯಾರದು ಎಂದು ಹೇಳುವುದೇ ಕಷ್ಟ. ಎಲ್ಲದರಲ್ಲೂ ಅದೇ ತಿಳಿನೀಲಿ ಬಣ್ಣ, ಮೂಲೆಯಲ್ಲಿ ಒಂದು ನಕ್ಷತ್ರಮೀನು, ಎರಡು ಚಿಪ್ಪು, ಒಂದು ಲಂಗರು, ಹಳೆಯ ಯುರೋಪಿನ ಹಾಯಿಹಡಗಿನ ಚುಕ್ಕಾಣಿ ಚಕ್ರ, ಮೇಲೆ ಗೋಣಿನಾರಿನ ದಾರದ ಗಂಟು. ಕೈರಂಪಣಿ ಬಲೆ ಎಳೆಯುವ, ನಾಡದೋಣಿ ಇಳಿಸುವ ಊರಿನ ಮದುವೆಗೆ ಯಾರೂ ಕಂಡಿರದ ಹಡಗಿನ ಚಕ್ರ ಎಲ್ಲಿಂದ ಬಂತು? ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಹೊರದೇಶದ ಮಾದರಿಗಳಿಂದ ಬಂತು, ಮತ್ತೆಲ್ಲಿಂದಲೂ ಅಲ್ಲ.

ನನ್ನ ಅಭಿಪ್ರಾಯ ಸರಳವಾದದ್ದು. ಸಮುದ್ರ ಮದುವೆಯ ದಿನ ಕಣ್ಣೆದುರಿಗೇ ಇರುತ್ತದೆ, ಅದರ ಚಿತ್ರವನ್ನು ಕಾಗದದ ಮೇಲೆ, ಮಂಟಪದ ಮೇಲೆ, ಊಟದ ಮೇಜಿನ ಮೇಲೆ ಮತ್ತೆ ತೋರಿಸಬೇಕಾಗಿಲ್ಲ. ತೋರಿಸುವುದಕ್ಕೆ ಹಾಕುವ ದುಡ್ಡನ್ನೂ ಬುದ್ಧಿಯನ್ನೂ ಆ ಸಮುದ್ರದ ಗಾಳಿ, ತೇವ, ಉಪ್ಪು ಈ ಮೂರನ್ನು ತಡೆದುಕೊಳ್ಳುವುದಕ್ಕೆ ಹಾಕಿದರೆ ಪತ್ರಿಕೆಯೂ ಅಲಂಕಾರವೂ ತಾವಾಗಿ ಚಂದವಾಗುತ್ತವೆ.

ಅಕ್ಕನ ಮಗಳು ತನ್ನ ಮದುವೆಯ ಪತ್ರಿಕೆಯ ಮಾದರಿಯನ್ನು ತೋರಿಸಿ ‘ಮಾವ, ಹ್ಯಾಂಗಿತ್ತ್?’ ಎಂದು ಕೇಳಿದಾಗ ನಾನು ಚಂದ ಇದೆ ಎಂದೇ ಹೇಳಿದೆ. ಆದರೆ ಹೆದ್ದಾರಿ 66ರಿಂದ ಯಾವ ಅಡ್ಡರಸ್ತೆಗೆ ಇಳಿಯಬೇಕು, ವಾಹನ ಎಲ್ಲಿ ನಿಲ್ಲಿಸಬೇಕು, ಮರಳಿನ ಮೇಲೆ ಎಷ್ಟು ದೂರ ನಡೆಯಬೇಕು, ಮಂಡಿನೋವಿನ ಅಜ್ಜಿಯರಿಗೆ ಏನು ವ್ಯವಸ್ಥೆ ಎಂಬುದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಕಲ್ಯಾಣಮಂಟಪದ ಮದುವೆಗೆ ‘ಬಸ್ ನಿಲ್ದಾಣದ ಹತ್ತಿರ’ ಎಂದು ಬರೆದರೆ ಸಾಕು. ಕಡಲ ತೀರದ ಮದುವೆಗೆ ಅದು ಸಾಲದು. ಪತ್ರಿಕೆಯೊಳಗೆ ಅಂಗೈಯಗಲದ ಇನ್ನೊಂದು ಚೀಟಿ ಇಟ್ಟು, ದಾರಿಯ ನಕ್ಷೆ ಬಿಡಿಸಿ, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡವೆಂದೂ ಸಂಜೆಗೆ ಒಂದು ಶಾಲು ಇರಲಿ ಎಂದೂ ಬರೆದರೆ ಬಂದವರು ಮದುಮಗಳ ತಂದೆಯನ್ನು ಮನಸ್ಸಿನಲ್ಲೇ ಹರಸುತ್ತಾರೆ.

ಹೊತ್ತಿನ ವಿಚಾರವೂ ಅಷ್ಟೇ ಮುಖ್ಯ. ನಮ್ಮ ಕಡೆ ಧಾರೆ ಹೆಚ್ಚಾಗಿ ಅಭಿಜಿನ್ ಮುಹೂರ್ತದಲ್ಲಿ, ನಡುಮಧ್ಯಾಹ್ನ. ಆ ಹೊತ್ತಿಗೆ ಮರಳು ಕಾದು ಬರಿಗಾಲು ಇಡಲಾಗದ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಧಾರೆಯನ್ನು ದೇವಸ್ಥಾನದಲ್ಲೋ ಸಭಾಂಗಣದಲ್ಲೋ ಮುಗಿಸಿ, ಮೆಹಂದಿಯನ್ನೋ ಆರತಕ್ಷತೆಯನ್ನೋ ಮಾತ್ರ ಸಂಜೆಯ ತೀರಕ್ಕೆ ಒಯ್ಯುವವರೇ ಜಾಣರು. ಡಿಸೆಂಬರಿನಲ್ಲಿ ನಮ್ಮಲ್ಲಿ ಸಂಜೆ 6 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಂಟೆ ತಡ. ‘ಸಂಜೆ 7ಕ್ಕೆ’ ಎಂದು ಅಚ್ಚು ಹಾಕಿಸಿ, ಮುಳುಗುವ ಸೂರ್ಯನ ಮುಂದೆ ಬಂಧುಗಳ ಜೊತೆ ಫೋಟೋ ಬೇಕೆಂದರೆ ಬಂಧುಗಳು ಏನು ಮಾಡಬೇಕು? ಇನ್ನು ಉಬ್ಬರ-ಇಳಿತ. ಮೀನುಗಾರರು ಪಂಚಾಂಗದ ತಿಥಿಯನ್ನು ನೋಡಿಯೇ ನೀರಿನ ಲೆಕ್ಕ ಹೇಳುತ್ತಾರೆ: ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ನೀರು ಹೆಚ್ಚು ಮೇಲೇರುತ್ತದೆ, ಅಷ್ಟಮಿಯ ಸುತ್ತಮುತ್ತ ಕಡಿಮೆ, ಏರುವ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಪತ್ರಿಕೆಯ ಮೇಲೆ ತಿಥಿ ಹೇಗೂ ಅಚ್ಚಾಗಿರುತ್ತದೆ. ಅದನ್ನು ಪುರೋಹಿತರ ಜೊತೆಗೆ ಊರಿನ ಒಬ್ಬ ಮೀನುಗಾರರಿಗೂ ತೋರಿಸಿ, ಮಂಟಪ ಎಲ್ಲಿ ಹಾಕಬಹುದು ಎಂದು ಕೇಳಿದರೆ ಖರ್ಚಿಲ್ಲದ ಸಲಹೆ ಸಿಗುತ್ತದೆ.

ಈಗ ಕಾಗದದ ಮಾತು. ಕರಾವಳಿಯ ತೇವಕ್ಕೆ ಕಾಗದ ಹೇಗೆ ಬಾಗುತ್ತದೆ ಎಂಬುದನ್ನು ನೋಡಲು ಒಂದು ಕಾರ್ಡನ್ನು ರಾತ್ರಿ ಕಿಟಕಿಯ ದಂಡೆಯ ಮೇಲೆ ಬಿಟ್ಟು ಬೆಳಿಗ್ಗೆ ನೋಡಿ. ಒಂದೇ ಬದಿಗೆ ಲ್ಯಾಮಿನೇಷನ್ ಮಾಡಿದ ಕಾರ್ಡು ಲ್ಯಾಮಿನೇಷನ್ ಇರುವ ಕಡೆಗೆ ಸುರುಳಿಯಾಗಿರುತ್ತದೆ, ಏಕೆಂದರೆ ಇನ್ನೊಂದು ಬದಿಯ ನಾರು ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಪೊರೆ ಹಿಗ್ಗುವುದಿಲ್ಲ. ಮಡಚುವ ಗೆರೆ ಕಾಗದದ ನಾರಿನ ದಿಕ್ಕಿಗೆ ಅಡ್ಡವಾಗಿದ್ದರೆ ಮಡಿಕೆಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ, ಗಾಢ ಬಣ್ಣದ ಕಾರ್ಡಿನಲ್ಲಿ ಅದು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಆದ್ದರಿಂದ ಮಡಚುವ ಕಾರ್ಡಿಗಿಂತ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಆಸುಪಾಸಿನ, ಲ್ಯಾಮಿನೇಷನ್ ಇಲ್ಲದ, ದಂತಬಣ್ಣದ ಒಂದೇ ಹಲಗೆಯ ಕಾರ್ಡು ನನಗೆ ಇಷ್ಟ. ಮುದ್ರಣ ಆಫ್‌ಸೆಟ್ ಆಗಲಿ ಸ್ಕ್ರೀನ್ ಆಗಲಿ ಅಡ್ಡಿಯಿಲ್ಲ. ಮನೆಯ ಇಂಕ್‌ಜೆಟ್ ಯಂತ್ರದಲ್ಲಿ ಹೆಸರಿನ ಚೀಟಿ ತೆಗೆಯುವವರು ಮಾತ್ರ ಎಚ್ಚರ ವಹಿಸಬೇಕು, ಅದರಲ್ಲಿ ಸಾಮಾನ್ಯವಾಗಿ ಬಳಸುವ ಶಾಯಿ ಒದ್ದೆ ಬೆರಳು ತಾಗಿದರೆ ಹರಡುತ್ತದೆ. ಚೀಟಿಯನ್ನು ಬಟ್ಟೆಗೆ ಸಿಕ್ಕಿಸಲು ಕಬ್ಬಿಣದ ಗುಂಡುಪಿನ್ನು ಬಳಸಿದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಕಲೆ ಬೀಳುತ್ತದೆ, ಹಿತ್ತಾಳೆಯ ಪಿನ್ನೋ ಬಿದಿರಿನ ಕಡ್ಡಿಯೋ ಆಗಬೇಕು. ಹಾಗೆಯೇ ಪತ್ರಿಕೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆಗೆ ಸುತ್ತುವ ಈ ಹಾಳೆ ಹೆಸರಿಸಿಯೇ ಇದೆ, ಅಲಂಕಾರದ ಥರ್ಮಾಕೋಲ್ ಕೂಡ ಇದೆ. ಗೊತ್ತಿಲ್ಲದೆ ಕೊಡುವವರು ಹಲವರು, ಗೊತ್ತಿದ್ದೂ ಕೊಡುವವರು ಇನ್ನೂ ಹಲವರು.

ಚಿತ್ರ ಬೇಡವೆಂದ ಮಾತ್ರಕ್ಕೆ ಪತ್ರಿಕೆ ಬೋಳಾಗಿರಬೇಕೆಂದು ನಾನು ಹೇಳುತ್ತಿಲ್ಲ. ಉತ್ತರ ಕನ್ನಡದಿಂದ ಗೋವೆಯವರೆಗಿನ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿ ಬಳಿದು, ಹಸಿಯಾಗಿರುವಾಗಲೇ ಕೆರೆದು ಒಳಗಿನ ಬಿಳುಪನ್ನು ಹೊರತೆಗೆಯುವ ಈ ಕಲೆಯಲ್ಲಿ ಇರುವುದು ಕೆಂಪು ಮತ್ತು ಬಿಳಿ ಎರಡೇ. ಅಂಥದೊಂದು ಬಳ್ಳಿಯ ಅಂಚನ್ನು ದಂತಬಣ್ಣದ ಕಾರ್ಡಿಗೆ ಕಾವಿಯ ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಿದರೆ ನಾಲ್ಕು ಬಣ್ಣದ ಖರ್ಚೂ ಉಳಿಯುತ್ತದೆ, ಹೊಳೆಯುವ ಫಾಯಿಲ್ಲಿನ ಹಂಗೂ ಇರುವುದಿಲ್ಲ. ಮೂಲೆಗೆ ಅಮ್ಮ ಹಚ್ಚುವ ಅರಿಶಿನ-ಕುಂಕುಮವೂ ಆ ಬಣ್ಣಕ್ಕೆ ಒಪ್ಪುತ್ತದೆ, ತಿಳಿನೀಲಿಯ ಮೇಲೆ ಅದು ಕಲೆಯಾಗಿ ಕಾಣುತ್ತದೆ.

ಅಚ್ಚಿನ ವಿಷಯ ಬಂದದ್ದರಿಂದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಬಾಸೆಲ್ ಮಿಶನ್ನಿನವರು 1841ರಲ್ಲೇ ಮುದ್ರಣಾಲಯ ತೆರೆದ, 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟ ಕರಾವಳಿಯಲ್ಲಿ, ಇವತ್ತು ಮದುವೆಯ ಪತ್ರಿಕೆಯ ಕನ್ನಡ ಒತ್ತಕ್ಷರವಿಲ್ಲದೆ ಒದ್ದಾಡುತ್ತಿದೆ. ‘ಲಗ್ನ’ ಎಂಬುದು ‘ಲಗ್‌ನ’ ಆಗಿ, ‘ಆಮಂತ್ರಣ’ ಎಂಬುದು ‘ಆಮಂತ್‌ರಣ’ ಆಗಿ ಫಾಯಿಲ್ಲಿನ ಬಂಗಾರದಲ್ಲಿ ಹೊಳೆಯುತ್ತಿರುವುದನ್ನು ನಾನು ಕಂಡಿದ್ದೇನೆ. ಇಲ್ಲಸ್ಟ್ರೇಟರ್, ಫೋಟೋಶಾಪ್‌ಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಆರಿಸಿಕೊಳ್ಳದೆ ಯೂನಿಕೋಡ್ ಪಠ್ಯವನ್ನು ಅಂಟಿಸಿದರೆ ಹೀಗಾಗುತ್ತದೆ. ಸರಿಪಡಿಸಲು ಹೆಚ್ಚು ಹೊತ್ತು ಬೇಡ, ಆದರೆ ಪ್ರೂಫನ್ನು ಓದುವವರು ಬೇಕು. ಮೊಬೈಲಿನಲ್ಲಿ ಬಂದ ಚಿತ್ರಕ್ಕೆ ಹೆಬ್ಬೆರಳು ಎತ್ತಿ ಒಪ್ಪಿಗೆ ಕೊಡುವ ಬದಲು, ಅಚ್ಚಾದ ಒಂದು ಪ್ರತಿಯನ್ನು ಮನೆಯ ಹಿರಿಯರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ತಪ್ಪಿದ ಇನಿಶಿಯಲ್ಲೂ ಬಿಟ್ಟುಹೋದ ಚಿಕ್ಕಪ್ಪನ ಹೆಸರೂ ಅಲ್ಲೇ ಸಿಕ್ಕಿಬೀಳುತ್ತವೆ.

ಮದುವೆಯ ಜಾಗದಲ್ಲಿ ಕಾಗದಕ್ಕೆ ದೊಡ್ಡ ಶತ್ರು ಗಾಳಿ. ಬಿಸಿಲೇರುತ್ತಿದ್ದಂತೆ ಕಡಲಿನಿಂದ ದಡಕ್ಕೆ ಬೀಸಲು ಶುರುವಾಗುವ ಗಾಳಿ ಮಧ್ಯಾಹ್ನದ ನಂತರ ಜೋರಾಗಿ, ಕತ್ತಲಾದ ಮೇಲೆ ತಗ್ಗುತ್ತದೆ. ಅಂದರೆ ಡೆಕೊರೇಷನ್‌ನವರು ಎಲ್ಲವನ್ನೂ ಜೋಡಿಸುವ ಹೊತ್ತಿಗೇ ಅದರ ಅಬ್ಬರ ಹೆಚ್ಚು. ಕಡಲಿಗೆ ಬೆನ್ನು ಮಾಡಿ ಕಟ್ಟಿದ ಬಟ್ಟೆಯ ಪರದೆ ದೋಣಿಯ ಹಾಯಿಯಂತೆ ಉಬ್ಬಿಕೊಂಡು ಕಂಬಗಳನ್ನೇ ಎಳೆಯುತ್ತದೆ. ಹೊರದೇಶದ ಪದ್ಧತಿಯಂತೆ ಪ್ರತಿ ಕುರ್ಚಿಗೂ ಅತಿಥಿಯ ಹೆಸರಿನ ಚೀಟಿ, ಪ್ರತಿ ಮೇಜಿಗೂ ಊಟದ ಪಟ್ಟಿ ಇಡುವವರು ಮೊದಲ ಸುತ್ತಿನ ಗಾಳಿಗೇ ಅವುಗಳನ್ನು ಮರಳಿನಲ್ಲಿ ಹೆಕ್ಕುತ್ತಿರುತ್ತಾರೆ. ಅಲ್ಲದೆ, ನಮ್ಮ ಮದುವೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಚೀಟಿ ನೋಡಿ ಕೂತವರನ್ನು ನೀವು ಕಂಡಿದ್ದೀರಾ? ಅತ್ತೆಯ ಪಕ್ಕದಲ್ಲಿ ಜಾಗ ಹಿಡಿದಿಟ್ಟು ಕೈಬೀಸಿ ಕರೆಯುವ ಪದ್ಧತಿಯ ಮುಂದೆ ಯಾವ ಚೀಟಿಯೂ ನಿಲ್ಲದು.

ಚೀಟಿಗಳ ಬದಲಿಗೆ ಪ್ರವೇಶದಲ್ಲಿ ಒಂದು ದೊಡ್ಡ ಫಲಕ ಸಾಕು. ಅದಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ವಸ್ತು ನಮ್ಮ ಕಡೆ ಇಲ್ಲ. ಉದುರಿದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಭಾರ ಹೇರಿ ಒಣಗಿಸಿದರೆ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಅದರ ಒಳಮೈ ನುಣುಪಾಗಿ, ತಿಳಿಗಂದು ಬಣ್ಣದಲ್ಲಿ, ಉದ್ದಕ್ಕೂ ಸಣ್ಣ ಗೀರುಗಳೊಂದಿಗೆ ಇರುತ್ತದೆ, ಬಿಳಿ ಬಣ್ಣದ ಕುಂಚದಲ್ಲಿ ಬರೆದ ಕನ್ನಡ ಅಕ್ಷರ ಅದರ ಮೇಲೆ ದೂರದಿಂದಲೂ ಕಾಣುತ್ತದೆ. ಮುಟ್ಟಾಳೆ ಎಂಬ ಟೋಪಿಯನ್ನೂ ಬೀಸಣಿಗೆಯನ್ನೂ ಇದರಿಂದಲೇ ಮಾಡುತ್ತಿದ್ದರು. ಆ ಬೀಸಣಿಗೆಯ ಮೇಲೆ ವಧೂವರರ ಹೆಸರು ಬರೆಸಿ ಕುರ್ಚಿಗೊಂದು ಇಟ್ಟರೆ ಅತಿಥಿಗಳಿಗೆ ಸಂಜೆಯ ಸೆಕೆಯಲ್ಲಿ ನಿಜವಾದ ಉಪಯೋಗ. ಮೇಣದ ಬತ್ತಿ ಬೇಡವೇ ಬೇಡ. ದೀಪ ಬೇಕಿದ್ದರೆ ಗಾಜಿನ ಚಿಮಣಿ ಇರುವ ಲಾಟೀನೇ ಆಗಬೇಕು.

ಇನ್ನು ಹೂವು, ಚಿಪ್ಪು. ಮೇಜಿನ ಮೇಲೆ ಹವಳ, ಸಮುದ್ರ ಬೀಸಣಿಗೆ ಎಂಬ ಬೀಸಣಿಗೆಯಾಕಾರದ ಹವಳಜಾತಿಯ ಜೀವಿ, ಒಣಗಿಸಿದ ಕಡಲಕುದುರೆ ಇಡುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವೆಲ್ಲ ಸಂರಕ್ಷಿತ ಜೀವಿಗಳು ಎಂಬುದು ಗೊತ್ತಿರಬೇಕು. ಕೆಲವು ಜಾತಿಯ ಶಂಖ-ಚಿಪ್ಪುಗಳೂ ಆ ಪಟ್ಟಿಯಲ್ಲಿವೆ. ಹೂವು ಚುಚ್ಚುವ ಹಸಿರು ಫೋಮ್ ಕೂಡ ಪ್ಲಾಸ್ಟಿಕ್ಕೇ. ಅದು ಪುಡಿಪುಡಿಯಾಗಿ ಮರಳಿಗೆ ಸೇರಿದರೆ ಹೆಕ್ಕಿ ತೆಗೆಯುವುದು ಅಸಾಧ್ಯ. ತೆಂಗಿನ ಎಳೆಯ ಸುಳಿ, ಮಾವಿನ ತೋರಣ, ಗೊನೆ ಸಹಿತ ಬಾಳೆಕಂಬ, ಅಡಿಕೆಯ ಹೂಗೊಂಚಲಾದ ಹಿಂಗಾರ ಇವು ಗಾಳಿಗೆ ಅಲ್ಲಾಡಿದಷ್ಟೂ ಚಂದ, ಮರುದಿನ ದನಕ್ಕೋ ಗೊಬ್ಬರದ ಗುಂಡಿಗೋ ಸಲ್ಲುತ್ತವೆ.

ಮಲ್ಲಿಗೆಯ ವಿಷಯದಲ್ಲಿ ಮಾತ್ರ ನನಗೆ ಜಿಪುಣತನ ಇಷ್ಟವಿಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ಉಡುಪಿ ಮಲ್ಲಿಗೆಯನ್ನು ಶಂಕರಪುರದ ಸುತ್ತಿನ ಮನೆಗಳಲ್ಲಿ ನಸುಕಿನಲ್ಲೇ ಮೊಗ್ಗಾಗಿ ಕೊಯ್ದು, ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಮಧ್ಯಾಹ್ನ ಕೈಗೆ ಬಂದಾಗ ಬಿಗಿಯಾಗಿರುವ ಮೊಗ್ಗು ಸಂಜೆಯ ಹೊತ್ತಿಗೆ ಅರಳಿ ಪರಿಮಳ ಬಿಡುತ್ತದೆ, ಸೂರ್ಯ ಮುಳುಗುವ ಹೊತ್ತಿನ ಸಮಾರಂಭಕ್ಕೆ ಹೇಳಿ ಮಾಡಿಸಿದ ಹೂವು ಇದು. ಹಂಗಾಮಿನಲ್ಲಿ ದರ ದಿನದಿಂದ ದಿನಕ್ಕೆ ಏರುವುದರಿಂದ ಹೂವು ಮಾರುವ ಕಟ್ಟೆಯಲ್ಲಿ ಮೊದಲೇ ಹೇಳಿಡಬೇಕು. ಪತ್ರಿಕೆಯ ಫಾಯಿಲ್ಲಿನಲ್ಲಿ ಉಳಿದ ದುಡ್ಡು ಇಲ್ಲಿಗೆ ಬರಲಿ. ತಾಂಬೂಲದ ಚೀಲ ಹತ್ತಿಬಟ್ಟೆಯದ್ದಾಗಿರಲಿ, ಬಟ್ಟೆಯೆಂದು ಮಾರುವ ನಾನ್‌ವೋವನ್ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದಲೇ ಮಾಡಿದ್ದು.

ಕೊನೆಯದಾಗಿ ಬೆಳಕು. ನಮ್ಮ ಮದುವೆಯ ಹಂಗಾಮೂ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುವ ಕಾಲವೂ ಬಹುಮಟ್ಟಿಗೆ ಒಂದೇ. ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯ ತೀರಗಳಲ್ಲಿ ಅವು ರಾತ್ರಿಯಲ್ಲೇ ಬರುತ್ತವೆ, ಮೊಟ್ಟೆಯೊಡೆದ ಮರಿಗಳು ಹೆಚ್ಚು ಬೆಳಕಿರುವ ದಿಕ್ಕೇ ಕಡಲೆಂದು ಆ ಕಡೆಗೆ ಸಾಗುತ್ತವೆ. ದಡದಲ್ಲಿ ಸರಮಾಲೆ ದೀಪ, ಆಕಾಶಕ್ಕೆ ಮುಖ ಮಾಡಿದ ಫೋಕಸ್ ಲೈಟು ಇಟ್ಟರೆ ಅವು ದಾರಿ ತಪ್ಪುತ್ತವೆ. ದೀಪಗಳನ್ನು ನೆಲಕ್ಕೆ ಮುಖ ಮಾಡಿ ತಗ್ಗಿನಲ್ಲಿ ಇಡುವುದು, ಕಡಲ ಕಡೆಗೆ ಮರೆ ಕಟ್ಟುವುದು, ರಾತ್ರಿ 9ರೊಳಗೆ ಎಲ್ಲವನ್ನೂ ಆರಿಸುವುದು ಡೆಕೊರೇಷನ್‌ನವರಿಗೆ ಮೊದಲೇ ಹೇಳಬೇಕಾದ ಮಾತುಗಳು. ‘ಊಟ: ಸಂಜೆ 7ರಿಂದ 8.30’ ಎಂದು ಪತ್ರಿಕೆಯಲ್ಲೇ ಅಚ್ಚು ಹಾಕಿಸಿಬಿಟ್ಟರೆ ಬರುವವರೂ ಆ ಹೊತ್ತಿಗೆ ತಯಾರಾಗುತ್ತಾರೆ. ಎಂಟೂವರೆಗೆ ವಧೂವರರೇ ವೇದಿಕೆಗೆ ಬರುವ ನಮ್ಮ ಆರತಕ್ಷತೆಗಳಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿದರೆ, ಮೇಕಪ್ಪಿನವರಿಗೆ ಒಂದು ಗಂಟೆ ಮುಂಚಿತವಾಗಿ ಬರಲು ಹೇಳಿ ಎಂಬುದಷ್ಟೇ ನನ್ನ ಉತ್ತರ.