ರೇಸ್ ಕಾರಿನ ಸೀಟು, ಉಡುಪಿಯ ಬೆವರು

ಗೇಮಿಂಗ್ ಕುರ್ಚಿಯ ಬೆನ್ನಿನ ಮೇಲ್ಭಾಗದಲ್ಲಿ, ಸರಿಯಾಗಿ ಹೆಗಲಿನ ಹತ್ತಿರ, ಎರಡು ದೊಡ್ಡ ತೂತುಗಳಿರುತ್ತವೆ. ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿ ಚೆಂದ ಮಾಡಿರುತ್ತಾರೆ. ಇದು ಯಾತಕ್ಕೆ ಅಂತ ಮನೆಗೆ ಬಂದವರೆಲ್ಲ ಕೇಳಿದ್ದಾರೆ. ಗಾಳಿ ಆಡಲು ಅಂದವರಿದ್ದಾರೆ, ಎತ್ತಿಕೊಂಡು ಹೋಗಲು ಹಿಡಿಕೆ ಅಂದವರಿದ್ದಾರೆ. ಅಮ್ಮ ಮಾತ್ರ ಏನನ್ನೂ ಕೇಳಲಿಲ್ಲ. ಒಂದು ತೂತಿಗೆ ಬೈರಾಸು ಸಿಕ್ಕಿಸಿದರು, ಇನ್ನೊಂದಕ್ಕೆ ಕೊಡೆ ನೇತುಹಾಕಿದರು. ಇಡೀ ಕುರ್ಚಿಯಲ್ಲಿ ಇವತ್ತಿಗೂ ತಕರಾರಿಲ್ಲದೆ ಕೆಲಸ ಮಾಡುತ್ತಿರುವುದು ಆ ತೂತುಗಳೇ.

ಅಸಲಿಗೆ ಅವು ಬೆಲ್ಟಿನ ದಾರಿ. ರೇಸ್ ಕಾರು ಓಡಿಸುವವರಿಗೆ ಎರಡೂ ಹೆಗಲ ಮೇಲಿಂದ ಬೆಲ್ಟ್ ಬಿಗಿಯುತ್ತಾರಲ್ಲ, ಅದು ಹಾದುಬರುವ ಜಾಗ. 2001ರಲ್ಲಿ ಕಾರಿನ ಸೀಟು ಮಾಡಲು ಶುರುಮಾಡಿದ ಡಿಎಕ್ಸ್‌ರೇಸರ್ ಎಂಬ ಕಂಪನಿ 2006ರಲ್ಲಿ ಅಂಥದೇ ಸೀಟಿನ ಕೆಳಗೆ ಚಕ್ರ ಜೋಡಿಸಿ ಗೇಮಿಂಗ್ ಕುರ್ಚಿ ಅಂತ ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಬಂದವರಲ್ಲಿ ಹೆಚ್ಚಿನವರು ಆಕಾರ ಬದಲಿಸುವ ಗೋಜಿಗೆ ಹೋಗಲಿಲ್ಲ. ತೂತು ಉಳಿಯಿತು, ಬೆಲ್ಟು ಬರಲೇ ಇಲ್ಲ. ನಮ್ಮ ಮನೆಯಲ್ಲಿರುವುದು ಆ ವಂಶದ ತೀರಾ ದೂರದ ಸಂಬಂಧಿ. ಬೇರೆ ಯಾವುದೋ ಹೆಸರಿನದು, ಏಳೆಂಟು ಸಾವಿರದ್ದು, ಕಪ್ಪು ಮೈಗೆ ಕೆಂಪು ಪಟ್ಟೆ. ಮಗನಿಗೆ ಆಡಲು, ನನಗೆ ಮನೆಯಿಂದ ಆಫೀಸ್ ಕೆಲಸ ಮಾಡಲು, ಇಬ್ಬರಿಗೂ ಸೇರಿ ಒಂದು ಅಂತ ಲೆಕ್ಕ.

ಡಬ್ಬದಲ್ಲಿ ಬಂದ ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಚಿತ್ರ. ಚಿತ್ರದಲ್ಲಿ ಕೂದಲಿಲ್ಲದ ಒಬ್ಬ ಮನುಷ್ಯ ನಗುನಗುತ್ತಾ ಬೋಲ್ಟ್ ಹಾಕುತ್ತಾನೆ. ನಮ್ಮಲ್ಲಿ ನಾಲ್ಕರಲ್ಲಿ ಮೂರು ಬೋಲ್ಟ್ ಕೂತವು. ನಾಲ್ಕನೆಯದರ ತೂತೂ ಒಳಗಿನ ನಟ್ಟೂ ಒಂದರ ಮುಖ ಒಂದು ನೋಡಲೇ ಇಲ್ಲ. ಎಲ್ಲವನ್ನೂ ಮೊದಲು ಸಡಿಲವಾಗಿ ಸಿಕ್ಕಿಸಿ, ಕಡೆಗೆ ಒಟ್ಟಿಗೇ ಬಿಗಿಯಬೇಕು ಅಂತ ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದಲೇ ಹೇಳಿದರು. ಅವರ ಮನೆಯಲ್ಲೂ ಒಂದು ಉಂಟು, ನಮಗೆ ಗೊತ್ತೇ ಇರಲಿಲ್ಲ. ಅಟ್ಟದ ಮೇಲೆ ಇಟ್ಟಿದ್ದಾರಂತೆ.

ನಡುವಿನ ಗ್ಯಾಸ್ ಸಿಲಿಂಡರಿಗೆ ಬೋಲ್ಟೇ ಇಲ್ಲ. ಮೇಲೆ ಕೂತವರ ಭಾರಕ್ಕೇ ಅದು ಕಚ್ಚಿಕೊಳ್ಳಬೇಕು. ಗ್ಯಾಸ್ ಅನ್ನುವುದು ಕಿವಿಗೆ ಬಿದ್ದ ಕೂಡಲೇ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದರು. ಕುರ್ಚಿ ಸಿಡಿಯುವ ವಿಡಿಯೋ ಒಂದು ಅವರ ವಾಟ್ಸಾಪಿಗೆ ಬಂದಿತ್ತು.

"ರೆಗ್ಯುಲೇಟರ್ ಎಲ್ಲಿ? ರಾತ್ರಿ ಆಫ್ ಮಾಡಿ ಮಲಗಿ."

ಒಳಗಿರುವುದು ನೈಟ್ರೋಜನ್ ಅಮ್ಮ, ಹೊತ್ತಿಕೊಳ್ಳುವುದಿಲ್ಲ ಅಂದೆ.

"ಹೊತ್ತಿಕೊಳ್ಳದ ಗ್ಯಾಸಿಗೆ ಎಂತಕ್ಕೆ ದುಡ್ಡು ಕೊಟ್ಟದ್ದು?"

ಇನ್ನು ಕೂರುವ ವಿಷಯ. ರೇಸ್ ಕಾರು ಜೋರಾಗಿ ತಿರುವು ತೆಗೆದುಕೊಳ್ಳುವಾಗ ಚಾಲಕ ಪಕ್ಕಕ್ಕೆ ಜಾರಬಾರದು ಅಂತ ಸೀಟಿನ ಎರಡೂ ಬದಿಯನ್ನು ಎತ್ತರಿಸಿರುತ್ತಾರೆ. ನಾನು ಕೂತು ಮಾಡುವುದು ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ. ಅದರಲ್ಲೂ ತಿರುವುಗಳಿವೆ, ಇಲ್ಲ ಅನ್ನುವುದಿಲ್ಲ, ಆದರೆ ಪಕ್ಕಕ್ಕೆ ಜಾರುವಂಥವಲ್ಲ. ನಮ್ಮವರು ಎಂಥ ಕುರ್ಚಿಯಲ್ಲಿ ಕೂತರೂ ಐದು ನಿಮಿಷಕ್ಕೆ ಒಂದು ಕಾಲು ಮೇಲೆ ಬರುತ್ತದೆ, ಹತ್ತು ನಿಮಿಷಕ್ಕೆ ಇನ್ನೊಂದು. ಚಕ್ಕಳಮಕ್ಕಳ ಹಾಕದೆ ತಲೆಯೇ ಓಡುವುದಿಲ್ಲ, ಅಲ್ವಾ? ಈ ಕುರ್ಚಿಯಲ್ಲಿ ಅದೇ ಆಗದು. ಎತ್ತರಿಸಿದ ಬದಿಯೊಳಗೆ ಉಕ್ಕಿನ ಸರಳಿದೆ, ಅದರ ಮೇಲೆ ಬೆರಳು ದಪ್ಪದ ಸ್ಪಂಜು. ಕಾಲು ಮಡಚಿದರೆ ಸರಳು ನೇರವಾಗಿ ಪಾದದ ಗಂಟಿಗೆ ಬರುತ್ತದೆ. ಒಂದು ಕಾಲನ್ನು ಬದಿಯ ಮೇಲಿಂದ ಹೊರಗೆ ಇಳಿಬಿಟ್ಟು, ಇನ್ನೊಂದನ್ನು ಒಳಗೆ ಸುತ್ತಿ ಕೂರುವ ಒಂದು ಭಂಗಿ ಕಂಡುಹಿಡಿದೆ. ಏಳುವಾಗ ಯಾರಾದರೂ ಕೈ ಕೊಡಬೇಕು, ಅಷ್ಟೇ.

ದುಬಾರಿ ಕುರ್ಚಿಗಳಲ್ಲಿ ಫೋಮನ್ನು ಅಚ್ಚಿಗೆ ಹೊಯ್ದು ಒಂದೇ ತುಂಡಾಗಿ ಮಾಡುತ್ತಾರೆ. ಅಗ್ಗದ್ದರಲ್ಲಿ ದೊಡ್ಡ ದಿಮ್ಮಿಯಿಂದ ಕತ್ತರಿಸಿ ಅಂಟಿಸುತ್ತಾರೆ. ನಮ್ಮದು ಚೌತಿಗೆ ಬಂದಾಗ ಕೂತರೆ ಒಳ್ಳೇ ಮೆತ್ತಗೆ ತಗ್ಗುತ್ತಿತ್ತು. ದೀಪಾವಳಿ ಹೊತ್ತಿಗೆ ತಗ್ಗಿದ್ದು ತಗ್ಗಿದ ಹಾಗೇ ಉಳಿಯಿತು. ಕೆಳಗಿನ ಪ್ಲೈವುಡ್ಡಿನ ಗಂಟು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಸೊಂಟಕ್ಕೆ ಅಂತ ಕೊಟ್ಟ ದಿಂಬು ಬೆಕ್ಕಿನದಾಯಿತು. ಕುತ್ತಿಗೆಯ ದಿಂಬು ಬೆಂಗಳೂರು ಬಸ್ಸಿನಲ್ಲಿ ಬಹಳ ಚೆನ್ನಾಗಿದೆ.

ಮಲಗಿಸುವ ಲಿವರ್ ಮಾತ್ರ ಥೇಟ್ ಕಾರಿನದ್ದೇ. ನನ್ನ ಮಾವ ಒಮ್ಮೆ ಊಟ ಮುಗಿಸಿ ಮಜ್ಜಿಗೆ ಲೋಟ ಹಿಡಿದು ಅದರಲ್ಲಿ ಕೂತರು. ಹಿಂದಕ್ಕೆ ಬಾಗುತ್ತದೆ ಅಂತ ಯಾರೋ ಹೇಳಿದ್ದರು. ಆದರೆ ಲಿವರ್ ಎಳೆಯುವಾಗ ಬೆನ್ನು ಒರಗಿರಬೇಕು ಅನ್ನುವುದನ್ನು ಹೇಳಿರಲಿಲ್ಲ. ಅವರು ಮುಂದೆ ಬಗ್ಗಿ, ಲಿವರ್ ಎಲ್ಲಿದೆ ಅಂತ ನೋಡಿಕೊಂಡು, ಎಳೆದರು. ಒಳಗಿನ ಸ್ಪ್ರಿಂಗಿಗೆ ತಡೆಯೇ ಇಲ್ಲ. ಕುರ್ಚಿಯ ಬೆನ್ನು ಫಟ್ಟನೆ ಬಂದು ಅವರ ತಲೆಗೆ ಬಡಿಯಿತು. ಕನ್ನಡಕ ಮಜ್ಜಿಗೆಯೊಳಗೆ ಬಿತ್ತು. ಅವರು ಕನ್ನಡಕವನ್ನು ಎತ್ತಿ, ಅಂಟಿದ್ದ ಕರಿಬೇವಿನ ಎಲೆ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡರು. ಆಮೇಲೆ ಕುರ್ಚಿಯನ್ನೇ ನೋಡಿ "ಎಂತ ಮಾರಾಯ?" ಅಂದರು. ಉಳಿದ ಮಜ್ಜಿಗೆಯನ್ನು ಚಾವಡಿಯ ಮಣೆಯ ಮೇಲೆ ಕೂತು ಕುಡಿದರು.

ಚಕ್ರದ್ದು ಇನ್ನೊಂದು ಕಥೆ. ನಮ್ಮದು ಹಳೆಯ ಮನೆ, ಕೆಂಪು ನೆಲ. ತೊಳೆದ ನೀರು ಹರಿದುಹೋಗಲಿ ಅಂತ ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ಟೈಪ್ ಮಾಡುತ್ತಾ ಮಾಡುತ್ತಾ ಕೀಬೋರ್ಡ್ ದೂರವಾಗುತ್ತದೆ. ಅದಕ್ಕೆ ಮದ್ದು ತಾನಾಗಿಯೇ ಸಿಕ್ಕಿತು. ಉಡುಪಿ ಮಲ್ಲಿಗೆಯನ್ನು ಕಟ್ಟುವುದು ಬಾಳೆನಾರಿನಲ್ಲಿ. ಮುಡಿದು ಬಿಸಾಕಿದ ನಾರು, ತಲೆಕೂದಲು, ಹೊಲಿಗೆ ದಾರ ಎಲ್ಲ ಚಕ್ರದ ಅಚ್ಚಿಗೆ ಸುತ್ತಿಕೊಂಡು ಐದರಲ್ಲಿ ಮೂರು ಚಕ್ರ ತಿರುಗುವುದನ್ನೇ ನಿಲ್ಲಿಸಿದವು. ಈಗ ಕುರ್ಚಿ ಹೇಳಿದ ಜಾಗದಲ್ಲಿ ನಿಲ್ಲುತ್ತದೆ.

ಆದರೆ ಇವೆಲ್ಲ ಸಣ್ಣಪುಟ್ಟದ್ದು. ಈ ಕುರ್ಚಿಗೂ ಕರಾವಳಿಗೂ ಜಾತಕವೇ ಕೂಡಿಬರುವುದಿಲ್ಲ. ಹೊದಿಕೆ ಪಿಯು ಲೆದರ್, ಅಂದರೆ ಬಟ್ಟೆಯ ಮೇಲೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪದರ. ಅದರೊಳಗೆ ಗಾಳಿ ಆಡುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟ್ ಹೋದಾಗ ಬರಿಮೈಯಲ್ಲಿ ಒರಗಿ ನೋಡಿ. ಏಳುವಾಗ ಚರ್ರ್ ಅಂತ ಸದ್ದು ಬರುತ್ತದೆ, ಸುಲಿಯುತ್ತಿರುವುದು ಕುರ್ಚಿಯಾ ನಾವಾ ಅಂತ ತಿಳಿಯುವುದಿಲ್ಲ. ಬೇಸಿಗೆ ಮುಗಿದರೆ ಮಳೆ, ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಚಪ್ಪಲಿಗೆ, ಬೆಲ್ಟಿಗೆ, ಗೋಡೆಗೆ ಬೂಷ್ಟು ಹಿಡಿಯುವ ಕಾಲ. ಗಾಳಿಯಲ್ಲಿರುವ ತೇವವೇ ಪಾಲಿಯುರಿಥೇನಿನ ಒಳಗಿನ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಕೂತರೂ ಸುಲಿಯುತ್ತದೆ, ಕೂರದೆ ಮೂಲೆಯಲ್ಲಿಟ್ಟರೂ ಸುಲಿಯುತ್ತದೆ. ಮೊದಲು ತೊಡೆ ತಾಗುವ ಕಡೆ ಸಣ್ಣ ಗೆರೆಗಳು ಬಂದವು, ಆಮೇಲೆ ಕಪ್ಪು ಚೂರುಗಳು ಉದುರತೊಡಗಿದವು.

ಮದುವೆಗೆ ಹೊರಟು ಬಿಳಿ ಪಂಚೆ ಉಟ್ಟವನು, ಒಂದೇ ಒಂದು ಮೇಲ್ ಕಳಿಸಿ ಹೋಗೋಣ ಅಂತ ಕುರ್ಚಿಯಲ್ಲಿ ಕೂತಿದ್ದೆ. ಹಾಲ್‌ನಲ್ಲಿ ಊಟದ ಪಂಕ್ತಿಗೆ ನಿಂತಾಗ ಹಿಂದಿನಿಂದ ಒಬ್ಬರು ಹಿರಿಯರು ಹೆಗಲು ತಟ್ಟಿದರು. "ಮನೆಯಲ್ಲಿ ಶನಿಶಾಂತಿ ಇತ್ತಾ? ಎಳ್ಳಿನ ಮೇಲೆ ಕೂತು ಬಂದ ಹಾಗುಂಟು."

ಕಸ್ಟಮರ್ ಕೇರಿಗೆ ಫೋಟೋ ಕಳಿಸಿದೆ, ವಿಡಿಯೋ ಕಳಿಸಿದೆ. ಮೂರು ವರ್ಷದ ವಾರಂಟಿ ಉಂಟು ಸಾರ್, ಆದರೆ ಹೊದಿಕೆಗೆ ಇಲ್ಲ, ಫೋಮಿಗೆ ಇಲ್ಲ, ಚಕ್ರಕ್ಕೆ ಇಲ್ಲ ಅಂದರು. ಉಳಿದದ್ದು ಚೌಕಟ್ಟು. ಅದಕ್ಕೆ ಎಂತ ಆಗುತ್ತದೆ? ಅದು ಗಟ್ಟಿ ಉಕ್ಕು. ಇದನ್ನು ಹೇಳಲೇಬೇಕು: ಚೌಕಟ್ಟೂ ಐದು ಕಾಲಿನ ನೈಲಾನ್ ಬೇಸೂ ಒಂದು ಬಿರುಕು ಕಂಡಿಲ್ಲ. ಇಷ್ಟೇ ದುಡ್ಡಿಗೆ ಜಾಲರಿ ಬೆನ್ನಿನ ಸಾದಾ ಆಫೀಸ್ ಕುರ್ಚಿ ಬರುತ್ತದೆ, ನಮ್ಮ ಕಡೆಯ ಹವೆಗೆ ಅದೇ ಸರಿ. ಬೆನ್ನಿಗೆ ಗಾಳಿ ಬರುತ್ತದೆ, ಸುಲಿಯಲು ಏನೂ ಇಲ್ಲ. ಆದರೆ ಅದಕ್ಕೆ ಕೆಂಪು ಪಟ್ಟೆ ಇರುವುದಿಲ್ಲ, ಮಗ ಒಪ್ಪುವುದಿಲ್ಲ.

ಆಮೇಲೆ ಸಿಲಿಂಡರಿನ ಸರದಿ. ಅದರ ಸೀಲ್ ಸೋತರೆ ಕುರ್ಚಿ ಕೂತವರನ್ನು ಹೊತ್ತುಕೊಂಡೇ ಇಳಿಯುತ್ತದೆ, ಎಷ್ಟು ನಿಧಾನ ಅಂದರೆ ಕೂತವರಿಗೇ ತಿಳಿಯುವುದಿಲ್ಲ. ತಿಂಗಳ ಕೊನೆಯ ವಿಡಿಯೋ ಮೀಟಿಂಗ್‌ನಲ್ಲಿ ಲೆಕ್ಕ ಒಪ್ಪಿಸುತ್ತಿದ್ದೆ. ಬೆಂಗಳೂರಿನಿಂದ ಮ್ಯಾನೇಜರ್ ನಡುವೆ ಬಾಯಿ ಹಾಕಿದರು. "ನಿಮ್ಮ ಹಿಂದೆ ಕ್ಯಾಲೆಂಡರ್ ಇದೆಯಲ್ಲ, ಆಗ ಮೇಲಿನ ಒಂದು ವಾರ ಕಾಣ್ತಿತ್ತು. ಈಗ ಇಡೀ ತಿಂಗಳು ಕಾಣ್ತಿದೆ." ಕಚ್ಚಿಕೊಂಡ ಸಿಲಿಂಡರ್ ಬಿಡಿಸಲು ಪೈಪ್ ರೆಂಚು, ಸುತ್ತಿಗೆ ಎಲ್ಲ ಬೇಕು. ಅದರ ಬದಲು ಅಡಿಕೆ ತೋಟದ ಸ್ಪ್ರಿಂಕ್ಲರಿಗೆ ಹಾಕಿ ಮಿಕ್ಕಿದ್ದ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಆ ಹೊಳೆಯುವ ಕಂಬದ ಸುತ್ತ ಸಿಕ್ಕಿಸಿದೆ. ಇಳಿಯುವುದು ನಿಂತಿತು. ಏರುವುದೂ ನಿಂತಿತು.

ಮಳೆ ಕಡಿಮೆಯಾದ ಮೇಲೆ ಸೀಟನ್ನು ಮಾತ್ರ ಬಿಚ್ಚಿ, ಆಟೋರಿಕ್ಷಾಗಳಿಗೆ ಕುಶನ್ ಹಾಕುವ ಅಂಗಡಿಗೆ ಕೊಂಡುಹೋದೆ. ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಯಾವ ಗಾಡಿದು?"

ಗಾಡಿಯದ್ದಲ್ಲ, ಮನೆಯದ್ದು ಅಂದೆ.

"ಮನೆಯಲ್ಲಿ ಕೂರಲಿಕ್ಕೆ ಈ ಸೈಡು ಎಂತಕ್ಕೆ ಮಾರಾಯ್ರೆ? ತೆಗೆದುಬಿಡುವ."

ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಸರಳೂ ಹೋದವು. ಹಳೆಯ ಸ್ಪಂಜು ಹೋಗಿ ಬಸ್ಸಿನ ಸೀಟಿಗೆ ಹಾಕುವ ಗಟ್ಟಿ ಫೋಮ್ ಬಂತು. ಮೇಲೆ ಯಾವುದೋ ಟೂರಿಸ್ಟ್ ವ್ಯಾನಿಗೆ ತಂದು ಮಿಕ್ಕಿದ್ದ ಮೆರೂನ್ ರೆಕ್ಸಿನ್, ಅಂಚಿಗೆ ಕೆನೆ ಬಣ್ಣದ ಪೈಪಿಂಗ್. ಬೆವರು ಅದಕ್ಕೂ ಅಂಟುತ್ತದೆ, ಆದರೆ ಚೂರು ಉದುರುವುದಿಲ್ಲ. ಮಗ ಸೀಟನ್ನು ನೋಡಿದ, ಬೆನ್ನನ್ನು ನೋಡಿದ. ಕ್ಯಾಮೆರಾದಲ್ಲಿ ಬೆನ್ನು ಮಾತ್ರ ಕಾಣುವುದು, ಹಾಗಾಗಿ ಪರವಾಗಿಲ್ಲ ಅಂದ. ಈಗ ಎರಡೂ ಕಾಲು ಮೇಲೆ ಹಾಕಿ ಆಡುತ್ತಾನೆ. ನನಗೆ ರಿಟರ್ನ್ ತುಂಬಲು ಕುರ್ಚಿ ಸಿಗುವುದು ಅವನು ಮಲಗಿದ ಮೇಲೆ.