ತೊಂಬತ್ತು ಸೆಕೆಂಡಿನ ಋಣಾನುಬಂಧ

ಮದುವೆ ನೋಂದಣಿ ಕಚೇರಿಯ ಮುಂದೆ ಹುಡುಗಿಯೊಬ್ಬಳು ಮಳೆಯಲ್ಲಿ ನೆನೆಯುತ್ತ ನಿಂತಿದ್ದಾಳೆ. ಬರಬೇಕಾದ ವರ ಬಂದಿಲ್ಲ. ಕಪ್ಪು ಕಾರಿನಿಂದ ಇಳಿದ ಅಪರಿಚಿತನೊಬ್ಬನಿಗೂ ಬರಬೇಕಾದ ವಧು ಬಂದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿ, ಹೆಸರನ್ನೂ ಸರಿಯಾಗಿ ವಿಚಾರಿಸದೆ ಒಳಗೆ ಹೋಗಿ, ಕೆಂಪು ರಟ್ಟಿನ ಪುಟ್ಟ ಪ್ರಮಾಣಪತ್ರಗಳನ್ನು ಹಿಡಿದು ಸತಿಪತಿಗಳಾಗಿ ಹೊರಬರುವಷ್ಟರಲ್ಲಿ ತೊಂಬತ್ತು ಸೆಕೆಂಡು ಕಳೆದು ಮೊದಲ ಕಂತು ಮುಗಿದಿರುತ್ತದೆ. ಅವನು ಊರಿನ ಅತಿ ದೊಡ್ಡ ಕಂಪನಿಯ ಒಡೆಯನೆಂಬುದು ನಮಗೆ ಗೊತ್ತು, ಅವನ ಕಾರಿನ ಚಾಲಕನಿಗೂ ಗೊತ್ತು. ಅವಳಿಗೆ ಮಾತ್ರ ಎಪ್ಪತ್ತನೆಯ ಕಂತಿನವರೆಗೆ ಗೊತ್ತಾಗುವುದಿಲ್ಲ.

ಚೀನಾದವರು ದುವಾನ್‌ಜೂ ಎಂದು ಕರೆಯುವ ಈ ಕಿರು ಧಾರಾವಾಹಿಗಳ ಗೀಳು ನನಗೆ ಹತ್ತಿದ್ದು ನಮ್ಮ ದೊಡ್ಡಮ್ಮನಿಂದ. ಒಂದೆರಡು ನಿಮಿಷದ ಅರವತ್ತರಿಂದ ನೂರು ಕಂತುಗಳು, ಫೋನನ್ನು ಅಡ್ಡ ತಿರುಗಿಸುವ ಶ್ರಮವನ್ನೂ ಕೊಡದ ನೆಟ್ಟನೆಯ ಚೌಕಟ್ಟು, ಅದರ ತುಂಬ ಒಂದೇ ಮುಖ. ಝೆಜಿಯಾಂಗ್ ಪ್ರಾಂತ್ಯದಲ್ಲಿ ಹೆಂಗ್‌ಡಿಯನ್ ಎಂಬ ಊರಿದೆ. ಬೀಜಿಂಗಿನ ಅರಮನೆಯ ಪ್ರತಿರೂಪವನ್ನೇ ಕಟ್ಟಿ ನಿಲ್ಲಿಸಿಕೊಂಡಿರುವ ಚಿತ್ರೀಕರಣ ನಗರವದು. ಅದರ ಹೆಸರಿನ 'ಹೆಂಗ್' ಎಂಬ ಅಕ್ಷರಕ್ಕೆ ಅಡ್ಡ ಎಂಬ ಅರ್ಥವಿರುವುದರಿಂದ, ಅಲ್ಲಿ ನೆಟ್ಟನೆಯ ಧಾರಾವಾಹಿಗಳ ಚಿತ್ರೀಕರಣವೇ ಹೆಚ್ಚಾದ ಮೇಲೆ ಜನ ಆ ಊರನ್ನು ತಮಾಷೆಗೆ 'ಶುಡಿಯನ್', ಅಂದರೆ ನೆಟ್ಟನೆಯ ಡಿಯನ್, ಎಂದು ಕರೆಯತೊಡಗಿದರು. ಊರಿನ ಹೆಸರನ್ನೇ ತಿರುಗಿಸಿ ನಿಲ್ಲಿಸಿದ ಈ ವ್ಯಾಪಾರ 2024ರಲ್ಲಿ 5,000 ಕೋಟಿ ಯುವಾನ್ ದಾಟಿ, ಆ ದೇಶದ ಚಿತ್ರಮಂದಿರಗಳ ವರ್ಷದ ಗಳಿಕೆಯನ್ನೂ ಹಿಂದೆ ಹಾಕಿತು.

ಆ ಮಳೆಯ ಮದುವೆಗೆ ಚೀನೀ ಭಾಷೆಯಲ್ಲಿ ಶಾನ್‌ಹುನ್, ಮಿಂಚಿನ ಮದುವೆ, ಎಂಬ ಹೆಸರಿದೆ. ನನಗೆ ಅದರಲ್ಲಿ ಬಹಳ ಕಾಲ ಕಾಡಿದ ಪ್ರಶ್ನೆ ಪ್ರೇಮದ್ದಲ್ಲ, ಕಾಗದಪತ್ರದ್ದು. 2025ರ ಮೇ ತಿಂಗಳವರೆಗೆ ಅಲ್ಲಿ ಮದುವೆಯ ನೋಂದಣಿಗೆ ಹುಕೌ ಎಂಬ ಕುಟುಂಬ ದಾಖಲೆಯ ಪುಸ್ತಕವನ್ನು ತೋರಿಸಲೇಬೇಕಿತ್ತು. ಹೀಗಾಗಿ ಆವರೆಗಿನ ನಾಯಕಿಯರು, ವಿಧಿ ಎಲ್ಲಿ ಎದುರಾದೀತೋ ಎಂಬಂತೆ, ಅದನ್ನು ಕೈಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರೆಂದು ನಂಬಬೇಕು. ವಿಚ್ಛೇದನಕ್ಕೆ ಮಾತ್ರ ಇಂಥ ಮಿಂಚಿಲ್ಲ. 2021ರ ಜನವರಿ 1ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯ ಪ್ರಕಾರ, ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವವರೂ ಅರ್ಜಿ ಕೊಟ್ಟು ಮೂವತ್ತು ದಿನ ಕಾಯಬೇಕು. ಕಾನೂನು ಮಾಡಿದವರ ಉದ್ದೇಶ ಏನೇ ಇರಲಿ, ಕಥೆಗಾರರ ಪಾಲಿಗೆ ಅದು ವರವಾಗಿ ಬಂತು: ಮುನಿದ ಗಂಡಹೆಂಡಿರನ್ನು ಒಂದೇ ಸೂರಿನಡಿ ಹಿಡಿದಿಡಲು ಮೂವತ್ತು ದಿನ ಸಿಕ್ಕರೆ ಇನ್ನೇನು ಬೇಕು? ನಾನು ಈ ಅಸಂಭವಗಳ ಬಗ್ಗೆ ಗೊಣಗಿದಾಗ ದೊಡ್ಡಮ್ಮ ಫೋನಿನಿಂದ ಕಣ್ಣೆತ್ತದೆ, "ನಿಮ್ಮ ದೊಡ್ಡಪ್ಪನ ಮುಖವನ್ನ ನಾನು ಮೊದಲು ನೋಡಿದ್ದು ಅಂತಃಪಟ ಸರಿದ ಮೇಲೆ ಕಣೋ" ಎಂದರು. ಮಿಂಚಿನ ಮದುವೆಯ ಬಗ್ಗೆ ನಮ್ಮ ಮನೆಯಲ್ಲಿ ಚರ್ಚೆ ಅಲ್ಲಿಗೆ ಮುಗಿಯಿತು.

ಈ ಕಥೆಗಳ ಮೂಲಧಾತುವಾದ ಯುವಾನ್‌ಫೆನ್ ಎಂಬ ಪದಕ್ಕೆ ಕನ್ನಡದಲ್ಲಿ ಋಣಾನುಬಂಧಕ್ಕಿಂತ ಹತ್ತಿರದ ಪದವಿಲ್ಲ. ಒಂದೇ ದೋಣಿಯಲ್ಲಿ ನದಿ ದಾಟಲು ನೂರು ವರ್ಷದ ಸಾಧನೆ ಬೇಕು, ಒಂದೇ ದಿಂಬಿಗೆ ತಲೆಯಿಡಲು ಸಾವಿರ ವರ್ಷದ್ದು ಬೇಕು ಎನ್ನುತ್ತದೆ ಅವರ ಗಾದೆ. ಆ ಪದದ ಮೊದಲ ತುಣುಕಾದ 'ಯುವಾನ್', ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಹೋದಾಗ ಸಂಸ್ಕೃತದ 'ಪ್ರತ್ಯಯ'ಕ್ಕೆ ಸಮಾನವಾಗಿ ಬಳಕೆಯಾದದ್ದು. ನಾವು ಶಾಲೆಯಲ್ಲಿ ಉ, ಅನ್ನು, ಇಂದ ಎಂದು ಬಾಯಿಪಾಠ ಮಾಡಿದ ಪ್ರತ್ಯಯದ ದಾಯಾದಿ ಅಲ್ಲಿ ನಾಯಕ ನಾಯಕಿಯರನ್ನು ಅಂಟಿಸುತ್ತ ಕೂತಿದೆ ಎಂದು ತಿಳಿದ ದಿನ ನನಗೆ ವ್ಯಾಕರಣದ ಮೇಲೂ ಕೊಂಚ ಅಕ್ಕರೆ ಹುಟ್ಟಿತು.

ತಿರುವುಗಳಾದರೂ ಹೊಸವಲ್ಲ. ತಾಂಗ್ ರಾಜವಂಶದ ಕಾಲದ ಕಥೆಯೊಂದರಲ್ಲಿ ವೇಯ್ ಗು ಎಂಬ ತರುಣ, ಬೆಳದಿಂಗಳಲ್ಲಿ ಚೀಲಕ್ಕೆ ಒರಗಿ ಪುಸ್ತಕ ಓದುವ ಮುದುಕನನ್ನು ಕಾಣುತ್ತಾನೆ. ಚೀಲದಲ್ಲಿರುವುದು ಕೆಂಪು ದಾರ. ಗಂಡಹೆಂಡಿರಾಗುವವರ ಕಾಲುಗಳನ್ನು ಹುಟ್ಟಿದಾಗಲೇ ಗುಟ್ಟಾಗಿ ಕಟ್ಟುವ ದಾರ. ನಿನ್ನ ಹೆಂಡತಿ ತರಕಾರಿ ಮಾರುವವಳ ಮನೆಯ ಮೂರು ವರ್ಷದ ಮಗು ಎಂದು ಮುದುಕ ತೋರಿಸಿದಾಗ, ಒಕ್ಕಣ್ಣಿಯ ಕಂಕುಳಲ್ಲಿದ್ದ ಆ ಕೂಸನ್ನು ಕಂಡು ಅಸಹ್ಯಪಟ್ಟ ಇವನು ಅದನ್ನು ಕೊಲ್ಲಲು ಆಳನ್ನು ಕಳಿಸುತ್ತಾನೆ. ಎದೆಗೆ ಗುರಿಯಿಟ್ಟ ಚೂರಿ ಹುಬ್ಬುಗಳ ನಡುವೆ ತಾಗುತ್ತದೆ. ಹದಿನಾಲ್ಕು ವರ್ಷದ ಮೇಲೆ ದೊಡ್ಡ ಅಧಿಕಾರಿಯೊಬ್ಬನ ಚೆಲುವೆ ಮಗಳನ್ನು ಮದುವೆಯಾದಾಗ, ಅವಳು ಸ್ನಾನದಲ್ಲೂ ಹಣೆಯ ಮೇಲಿನ ಹೂವಿನ ಅಲಂಕಾರವನ್ನು ತೆಗೆಯದಿರುವುದನ್ನು ನೋಡಿ ಕಾರಣ ಕೇಳುತ್ತಾನೆ. ತಾನು ಅಧಿಕಾರಿಯ ಸ್ವಂತ ಮಗಳಲ್ಲ, ಅಪ್ಪ ಅಮ್ಮ ತೀರಿಕೊಂಡ ಮೇಲೆ ತರಕಾರಿ ಮಾರುವ ದಾದಿಯ ಕೈಯಲ್ಲಿ ಬೆಳೆದವಳು, ಇದು ಆಗ ಯಾರೋ ದುಷ್ಟ ಇರಿದ ಗಾಯ ಎಂದು ಅವಳು ಅಳುತ್ತ ಹೇಳುತ್ತಾಳೆ. ಅನಾಥೆ, ಮುಚ್ಚಿಟ್ಟ ಕುಲ, ಮೈಮೇಲಿನ ಗುರುತು, ಗುರುತಿಸದ ಗಂಡ: ಇಂದಿನ ಕಿರು ಧಾರಾವಾಹಿಗೆ ಬೇಕಾದ ಸರಕೆಲ್ಲ ಇಲ್ಲೇ ಇದೆ.

ವ್ಯತ್ಯಾಸವಿರುವುದು ಆಮೇಲೆ. ವೇಯ್ ಗು ನಿಜ ಒಪ್ಪಿಕೊಳ್ಳುತ್ತಾನೆ, ದಂಪತಿಗಳು ಮತ್ತಷ್ಟು ಗೌರವದಿಂದ ಬಾಳುತ್ತಾರೆ, ಅಷ್ಟೆ. ನನಗೆ ಇದು ತೀರಾ ಅಗ್ಗದ ಕ್ಷಮೆಯಾಗಿ ಕಾಣುತ್ತದೆ. ಇಂದಿನವರು ಇಷ್ಟು ಸುಲಭಕ್ಕೆ ಬಿಡುವುದಿಲ್ಲ; ಹೆಂಡತಿಯನ್ನು ನೋಯಿಸಿದ ಗಂಡ ಪಶ್ಚಾತ್ತಾಪದಲ್ಲಿ ಬೇಯುತ್ತ ಅವಳ ಹಿಂದೆ ಅಲೆಯುವ ಕಥೆಗಳಿಗೆ 'ಹೆಂಡತಿಯನ್ನು ಬೆನ್ನಟ್ಟುವ ಸುಡುಗಾಡು' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಇಪ್ಪತ್ತು ಕಂತು ಸುಟ್ಟ ಹೊರತು ಅವನಿಗೆ ಬಿಡುಗಡೆಯಿಲ್ಲ. ಇಂಥ ದರ್ಪದ ಕಂಪನಿ ಒಡೆಯರ ಕಾಟ ಅತಿಯಾಯಿತೆಂದು ಚೀನಾದ ಪ್ರಸಾರ ನಿಯಂತ್ರಣ ಇಲಾಖೆಯೇ 2024ರ ನವೆಂಬರಿನಲ್ಲಿ ಅವರ ಸಂಖ್ಯೆಗೆ ಕಡಿವಾಣ ಹಾಕುವಂತೆ ಸೂಚಿಸಿತು.

ಮೊದಲ ಹತ್ತಾರು ಕಂತುಗಳನ್ನು ಪುಕ್ಕಟೆ ತೋರಿಸಿ, ಕೈ ಇನ್ನೇನು ಕೆನ್ನೆಗೆ ತಾಗಬೇಕು ಅಥವಾ ಸತ್ಯ ಇನ್ನೇನು ಬಾಯಿಂದ ಹೊರಡಬೇಕು ಎನ್ನುವಾಗ ಹಣ ಕೇಳುವುದು ಈ ವ್ಯಾಪಾರದ ಗುಟ್ಟು. ಮೊನ್ನೆ ರಾತ್ರಿ ನಾಯಕಿಯ ಕೈಯಿಂದ ಅರ್ಧ ಮುರಿದ ಹಸಿರು ಕಲ್ಲಿನ ಪದಕ ಜಾರಿ ನಾಯಕನ ಬೂಟಿನ ಬಳಿ ಬಿದ್ದ ಕ್ಷಣಕ್ಕೆ ಸರಿಯಾಗಿ ಪರದೆಯ ಮೇಲೆ ಬೀಗದ ಚಿತ್ರ ಮೂಡಿತು. ಶಕುಂತಲೆಯ ಉಂಗುರವನ್ನು ಬಲ್ಲವರಿಗೆ ಉಳಿದರ್ಧ ಯಾರ ಬಳಿ ಇದೆಯೆಂದು ಹೇಳಬೇಕೇ? "ದೊಡ್ಡಮ್ಮ, ಮುಂದೇನಾಗುತ್ತೆ ಅಂತ ನಿಮಗೆ ಗೊತ್ತಲ್ಲ, ದುಡ್ಡು ಯಾಕೆ ದಂಡ?" ಎಂದೆ.

"ನನಗೆ ಗೊತ್ತು. ಅವನಿಗೆ ಗೊತ್ತಾದಾಗ ಮುಖ ಹೇಗೆ ಮಾಡ್ತಾನೆ ಅಂತ ನೋಡಬೇಕಲ್ಲ" ಎಂದು ಅವರು ಫೋನನ್ನು ನನ್ನ ಕೈಗಿತ್ತು, ಹಣ ಕಟ್ಟುವುದು ಹೇಗೆಂದು ಕೇಳಿದರು.